ಎರಡನೆಯ ಕತ್ತಿನ ಜಾಗ

ಮೊನ್ನೆ ಸೋಮವಾರ ಬೆಳಿಗ್ಗೆ ಕಷಾಯಕ್ಕೆಂದು ಶುಂಠಿ ಜಜ್ಜುತ್ತಿದ್ದೆ. ನಮ್ಮ ಅಡುಗೆಮನೆಯಲ್ಲಿ ಶುಂಠಿ, ಮೆಣಸು, ಏಲಕ್ಕಿ ಜಜ್ಜುವುದಕ್ಕೆ ಒಂದು ಉಕ್ಕಿನ ತುಂಡು ಇದೆ, ನೀವೆಲ್ಲ ನೋಡಿದ್ದೀರಿ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ನಡುಬೆರಳಿನಷ್ಟು ಉದ್ದ, ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ಮೊಟ್ಟೆಯ ತಲೆಯಂತೆ ದುಂಡು. ಕೈಯಲ್ಲಿ ಹಿಡಿದರೆ ಇಷ್ಟು ಸಣ್ಣದಕ್ಕೆ ಇಷ್ಟು ಭಾರವೇ ಅನ್ನಿಸುತ್ತದೆ. ನಿಮ್ಮ ತಾತ ತೀರಿಕೊಂಡ ಮೇಲೆ ಅವರ ಮೇಜಿನ ಖಾನೆಯಿಂದ ಅದನ್ನು ತೆಗೆದು ಅಡುಗೆಮನೆಗೆ ತಂದವಳು ನಾನೇ. ಒಂಬತ್ತು ವರ್ಷದಿಂದ ಜಜ್ಜಿ ಜಜ್ಜಿ ಅದಕ್ಕೆ ಶುಂಠಿಯ ವಾಸನೆ ಹಿಡಿದುಬಿಟ್ಟಿದೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುವುದಿಲ್ಲ.

ನೀರು ಕುಡಿಯಲು ಬಂದ ನಂದಿನಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮೂಸಿದಳು. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು.

“ಅಜ್ಜಿ, ಇದು ತಾತಾದು ಬಾರ್ ಅಲ್ವಾ? ಸ್ಟೀಲ್ ಗಿಟಾರ್ ಬಾರ್. ಇದ್ರಲ್ಲಿ ಪೋಯ್ ಶುಂಠಿ ಜಜ್ಜೋದಾ?” ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೇಳಿದಳು.

ನಿಮ್ಮ ತಾತ ಅದನ್ನು ತಂತಿಯ ಮೇಲೆ ಜಾರಿಸಿದರು, ನಾನು ಶುಂಠಿಯ ಮೇಲೆ ಕುಟ್ಟಿದೆ, ಅದಕ್ಕೇನು ಗೊತ್ತಾಗುತ್ತದೆ ಎಂದೆ. ಅವಳು ನಗಲಿಲ್ಲ. ಸೀರೆಯ ಅಂಗಡಿಯಲ್ಲಿ ಜರಿ ಪರೀಕ್ಷಿಸುವವರ ಹಾಗೆ ಅದನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು.

ನಂದಿನಿ ಇದನ್ನು ಓದಿಸಿ ಕೇಳುವಾಗ, ವಾದ್ಯದ ವಿಷಯ ನನಗೆ ಗೊತ್ತಿರುವುದನ್ನೇ ಬರೆದಿದ್ದೀರಿ ಅನ್ನುತ್ತಾಳೆ. ಅನ್ನಲಿ. ಉಳಿದ ಮೊಮ್ಮಕ್ಕಳಿಗೆ ಗೊತ್ತಿಲ್ಲವಲ್ಲ. ನಿಮಗೆ ನಾನು ಕನ್ನಡದಲ್ಲಿ ಹೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ಓದಲು ಬಾರದಿದ್ದರೆ ನಿಮ್ಮ ಅಮ್ಮಂದಿರ ಕೈಲಿ ಓದಿಸಿಕೊಳ್ಳಿ. ಮುಖ ನೋಡಿ ಹೇಳಲು ನನಗೆ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಂದಿನಿ ಎರಡು ತಿಂಗಳಿನಿಂದ ಒಂದು ವಾದ್ಯ ಕೊಳ್ಳಬೇಕೆಂದು ಒದ್ದಾಡುತ್ತಿದ್ದಾಳೆ. ಪೆಡಲ್ ಸ್ಟೀಲ್ ಗಿಟಾರ್ ಎಂದು ಅದರ ಹೆಸರು. ಹೆಗಲಿಗೆ ಹಾಕಿಕೊಳ್ಳುವ ಗಿಟಾರಲ್ಲ. ನಾಲ್ಕು ಕಾಲಿನ ಸಣ್ಣ ಮೇಜಿನ ಹಾಗಿರುತ್ತದೆ, ಮೇಲೆ ಉದ್ದಕ್ಕೂ ತಂತಿ. ಹೊಲಿಗೆ ಮಿಷನ್ನಿನ ಮುಂದೆ ಕೂತ ಹಾಗೆ ಕೂರಬೇಕು. ಬಲಗೈಯಲ್ಲಿ ಮೀಟಬೇಕು, ಎಡಗೈಯಲ್ಲಿ ಈ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಬೇಕು. ಕೆಳಗೆ ಪೆಡಲ್ ಒತ್ತಿದರೆ ತಂತಿ ಬಿಗಿಯಾಗಿ, ಕೇಳುತ್ತಿರುವ ಸ್ವರವೇ ಮೆಲ್ಲಗೆ ಮೇಲೆ ಹತ್ತುತ್ತದೆ. ಮೊಣಕಾಲಿಗೂ ಕೆಲಸವಿದೆ. ಬಾಯಿಯೊಂದನ್ನು ಬಿಟ್ಟು ಮೈಯೆಲ್ಲ ದುಡಿಯಬೇಕಾದ ವಾದ್ಯ. ನಾಚಿಕೆಯವರಿಗೆ ಇದೇ ಸರಿ ಎಂದು ನಾನು ಒಮ್ಮೆ ಅಂದುಕೊಂಡದ್ದುಂಟು.

ತಂತಿಗಳನ್ನು ಎಳೆದು ಕಟ್ಟುವ ಪಟ್ಟಿಗೆ ನೆಕ್ ಅನ್ನುತ್ತಾರೆ. ನೆಕ್ ಅಂದರೆ ಕತ್ತು. ಒಂದು ಕತ್ತಿಗೆ ಹತ್ತು ತಂತಿ. ಕೆಲವಕ್ಕೆ ಎರಡು ಕತ್ತು, ಅಕ್ಕಪಕ್ಕ. ಒಂದೊಂದಕ್ಕೂ ಬೇರೆ ಶ್ರುತಿ. ಇನ್ನು ಕೆಲವಕ್ಕೆ ಒಂದೇ ಕತ್ತು, ಆದರೆ ಹನ್ನೆರಡು ತಂತಿ, ಎರಡು ಕತ್ತಿನ ಕೆಲಸವನ್ನು ಅದೊಂದೇ ಮಾಡುತ್ತದಂತೆ. ಒಂದೇ ಆಳು ಅಡುಗೆಯನ್ನೂ ಮಾಡಿ ಪೂಜೆಯನ್ನೂ ಮಾಡಿಸುತ್ತೇನೆ ಅಂದರೆ ನನಗೆ ಹೇಗೆ ಅನುಮಾನವೋ ಹಾಗೆ ಇದರ ಮೇಲೂ ಅನುಮಾನ. ಎರಡು ಕತ್ತಿನದೊಂದನ್ನು ಕೊಚ್ಚಿಯಲ್ಲಿ ಯಾರೋ ಮಾರುತ್ತಿದ್ದಾನೆ. ಫೋನಿನಲ್ಲಿ ಅವನ ದನಿ ಕೇಳಿದೆ, ತುಂಬಾ ನಯ. ಅಷ್ಟು ಒಳ್ಳೆಯ ವಾದ್ಯವಾದರೆ ಇಟ್ಟುಕೊಳ್ಳದೆ ಮಾರುವುದೇಕೆ ಎಂದು ನಂದಿನಿಯನ್ನು ಕೇಳಿದೆ. ಅಜ್ಜಿ ಕೋಯಂಬೇಡು ತರಕಾರಿ ಮಾರ್ಕೆಟ್ಟಿನಲ್ಲಿ ಕೂಡ ಹೀಗೇ ಕೇಳುತ್ತಾರೆ, ಬದನೆಕಾಯಿ ಅಷ್ಟು ಚೆನ್ನಾಗಿದ್ದರೆ ನೀನೇ ಏಕೆ ತಿನ್ನಲಿಲ್ಲ ಅಂತ, ಎಂದು ನಂದಿನಿಯ ತಮ್ಮ ಕಾರ್ತಿಕ್ ಅಕ್ಕನಿಗೆ ಹೇಳಿದ. ಇಬ್ಬರೂ ನಕ್ಕರು.

ನಗಲಿ, ನನ್ನ ಸ್ವಭಾವವೇ ಅಂಥದು. ಹಾಲಿನವನು ನಗುತ್ತಾ ಬಂದರೆ ಹಾಲನ್ನು ಎರಡು ಸಲ ನೋಡುತ್ತೇನೆ. ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ನೋಡದೆ ಒಳಗೆ ಬಿಟ್ಟುಕೊಂಡವಳಲ್ಲ. ಈ ಅನುಮಾನದಿಂದ ಮನೆಗೆ ಉಪಕಾರವೇ ಆಗಿದೆ ಎಂದು ಮೊನ್ನೆಯವರೆಗೂ ನಂಬಿಕೊಂಡಿದ್ದೆ.

ಆ ಬೆಳಿಗ್ಗೆ ನಂದಿನಿ ಉಕ್ಕಿನ ತುಂಡನ್ನು ಸೆರಗಿನಿಂದಲೇ ಒರೆಸಿ, ನನ್ನ ಸೆರಗಿನಿಂದ, ಕೇಳಿದಳು: “ನೀವೇ ಹೇಳಿ ಅಜ್ಜಿ. ಒಂದು ನೆಕ್ ಸಾಕಾ, ಎರಡು ಬೇಕಾ?”

ಒಲೆಯ ಮೇಲೆ ನೀರು ಉಕ್ಕುತ್ತಿತ್ತು. ಉರಿ ತಗ್ಗಿಸಿದೆ. ಇದೇ ಪ್ರಶ್ನೆಯನ್ನು, ಹೆಚ್ಚುಕಡಿಮೆ ಇದೇ ಮಾತಿನಲ್ಲಿ, ನಲವತ್ತು ವರ್ಷಗಳ ಹಿಂದೆ ಇನ್ನೊಬ್ಬರು ನನ್ನನ್ನು ಕೇಳಿದ್ದರು. ನಾನು ಉತ್ತರವನ್ನೂ ಕೊಟ್ಟಿದ್ದೆ.

ಆಗ ನಾವು ಮದ್ರಾಸಿನ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ನಿಮ್ಮ ತಾತ ವರ್ಕ್‌ಶಾಪಿನಲ್ಲಿ ಫಿಟ್ಟರ್. ನಾಗಮಂಗಲದ ಕಡೆಯ ಹಳ್ಳಿಯಿಂದ ನನ್ನನ್ನು ಮದುವೆ ಮಾಡಿಕೊಂಡು ಬಂದಾಗ ಅವರ ಬಳಿ ಒಂದು ಟ್ರಂಕು, ಒಂದು ಸೈಕಲ್ಲು, ಮಡಿಲಲ್ಲಿಟ್ಟು ನುಡಿಸುವ ಆರು ತಂತಿಯ ಹವಾಯಿ ಗಿಟಾರು ಇದ್ದವು. ಮದುವೆ ಮನೆಗಳಲ್ಲಿ ನುಡಿಸುವ ಒಂದು ಆರ್ಕೆಸ್ಟ್ರಾಕ್ಕೆ ಹೋಗುತ್ತಿದ್ದರು. ಹಾಡುವವರು ಮುಂದೆ ನಿಲ್ಲುತ್ತಿದ್ದರು, ಇವರು ಹಿಂದೆ, ತಬಲಾದವನ ಮರೆಯಲ್ಲಿ. ಮಾತು ಕಮ್ಮಿ. ನಾನೂ ಕಮ್ಮಿ. ಇಬ್ಬರು ಮಾತಾಡದವರ ಸಂಸಾರ ಹೇಗಿರುತ್ತದೆ ಎಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ಜಗಳವಿರುವುದಿಲ್ಲ, ನಿಜ. ಆದರೆ ಒಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಇನ್ನೊಬ್ಬರು ಪಾತ್ರೆಯ ಸದ್ದು, ಚಪ್ಪಲಿಯ ಸದ್ದು ಕೇಳಿ ಊಹಿಸಬೇಕು. ಊಹಿಸುವ ಕೆಲಸವನ್ನು ನಾನು ಬಹಳ ಶ್ರದ್ಧೆಯಿಂದ ಮಾಡಿದೆ.

ನಾಚಿಕೆಯ ವಿಷಯ ಬಂತು, ಹೇಳಿಬಿಡುತ್ತೇನೆ. ನನ್ನ ಅಮ್ಮ ನಮ್ಮ ಊರಿನಲ್ಲಿ ಹಸೆಗೆ ಕರೆಯುವ ಹಾಡು ಹೇಳುತ್ತಿದ್ದಳು. ಮದುವೆಯಲ್ಲಿ ಹೆಣ್ಣನ್ನು ಹಸೆಮಣೆಗೆ ಕರೆಯುವ ಹಾಡು. ಊರೂರಿಗೆ ಅದರ ಧಾಟಿ ಬೇರೆ. ಅಮ್ಮನದು ಅವಳದೇ, ಮೂರನೇ ಸಾಲಿನ ಕೊನೆಯಲ್ಲಿ ದನಿ ಬಾವಿಗೆ ಬಿಂದಿಗೆ ಇಳಿದ ಹಾಗೆ ಇಳಿದು, ನೀರು ತುಂಬಿಕೊಂಡು, ಭಾರವಾಗಿ ಮೇಲೆ ಬರುತ್ತಿತ್ತು. ನನಗೆ ಅದು ಬರುತ್ತಿತ್ತು, ಆದರೆ ಯಾರ ಮುಂದೆಯೂ ಹೇಳಿದವಳಲ್ಲ. ಶಾಲೆಗೆ ಇನ್‌ಸ್ಪೆಕ್ಟರು ಬಂದಾಗ ಮೇಷ್ಟ್ರು ಹಾಡು ಅಂದರು, ಬಾಯಿ ತೆರೆದೆ, ಸ್ವರದ ಬದಲು ಅಳು ಬಂತು. ಅಲ್ಲಿಗೆ ಮುಗಿಯಿತು.

ಒಬ್ಬಳೇ ಇದ್ದರೆ ಮಾತ್ರ ಹಾಡುತ್ತಿದ್ದೆ. ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ದೋಸೆಗೆ ರುಬ್ಬುವಾಗ. ಒರಳುಕಲ್ಲು ಅಡುಗೆಮನೆಯ ಕಿಟಕಿಯ ಕೆಳಗಿತ್ತು. ಗುಂಡು ತಿರುಗುವ ಗುಡುಗುಡು ಸದ್ದಿನಲ್ಲಿ ನನ್ನ ದನಿ ಮುಚ್ಚಿಹೋಗುತ್ತದೆ ಎಂಬ ಧೈರ್ಯ. ಬಾಗಿಲಲ್ಲಿ ಹೆಜ್ಜೆಯ ಸದ್ದಾದರೆ ಕೂಡಲೇ ನಿಲ್ಲಿಸಿ, ಅಕ್ಕಿ ನೆಂದಿಲ್ಲ ಎಂದು ಗೊಣಗುತ್ತಿದ್ದೆ.

ಈಗ ನನ್ನ ಅನುಮಾನಗಳನ್ನು ಹೇಳುತ್ತೇನೆ.

ಮೊದಲನೆಯದು ಸೈಕಲ್ಲು. ಪ್ರತಿ ಭಾನುವಾರ, ಸರಿಯಾಗಿ ನಾನು ರುಬ್ಬಲು ಕೂರುವ ಹೊತ್ತಿಗೆ, ನಿಮ್ಮ ತಾತ ಹಿಂದಿನ ಓಣಿಯಲ್ಲಿ, ಕಿಟಕಿಯ ಪಕ್ಕದ ಗೋಡೆಗೆ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ ರಿಪೇರಿಗೆ ಕೂರುತ್ತಿದ್ದರು. ವಾರವಿಡೀ ಬೋಗಿ ರಿಪೇರಿ ಮಾಡಿದ ಮನುಷ್ಯನಿಗೆ ಭಾನುವಾರವೂ ರಿಪೇರಿ ಯಾಕೆ? ಅದೂ ಅಷ್ಟು ಮೆಲ್ಲಗೆ, ಸ್ಪ್ಯಾನರಿನ ಸದ್ದೂ ಇಲ್ಲದೆ? ಒಂದು ದಿನ ಇಣುಕಿ ನೋಡಿದೆ. ಸೈಕಲ್ಲಿನ ಮೇಲೆ ಕೈಯಿರಲಿಲ್ಲ. ಬೆರಳು ಮಡಿಸಿ ಏನೋ ಎಣಿಸುತ್ತಾ ಬೆಂಕಿಪೊಟ್ಟಣದ ಮೇಲೆ ಗೀಚುತ್ತಿದ್ದರು. ನನ್ನ ಬಳೆ ಸದ್ದಾಗಿದ್ದೇ ತಡ, ಬೆಂಕಿಪೊಟ್ಟಣ ಜೇಬಿಗೆ ಹೋಯಿತು. ಆ ಓಣಿಯ ಎದುರು ಮನೆಯಲ್ಲಿ ಹೊಸದಾಗಿ ಬಂದ ಒಂದು ಸಂಸಾರವಿತ್ತು, ಆ ಮನೆಯ ಹೆಂಗಸು ಅದೇ ಹೊತ್ತಿಗೆ ಬಟ್ಟೆ ತೆಗೆಯಲು ಬರುತ್ತಿದ್ದಳು. ಕೆಲವು ತಿಂಗಳು ಅವಳ ಮೇಲೆ ಕಣ್ಣಿಟ್ಟೆ. ಅವಳ ಗಂಡನಿಗೆ ವರ್ಗವಾಗಿ ಅವರು ಹೋದ ಮೇಲೂ ಸೈಕಲ್ಲು ತಲೆಕೆಳಗಾಗುವುದು ನಿಲ್ಲಲಿಲ್ಲ.

ಎರಡನೆಯದು ಗ್ರೈಂಡರು. ಸಾಲುಮನೆಗಳಲ್ಲಿ ಒಂದೊಂದಾಗಿ ಎಲ್ಲರ ಮನೆಗೂ ವೆಟ್ ಗ್ರೈಂಡರ್ ಬಂತು. ಪುರಸೈವಾಕ್ಕಂನ ಅಂಗಡಿಗಳ ಮುಂದೆ ಅವು ಸಾಲಾಗಿ ನಿಂತಿರುತ್ತಿದ್ದವು, ಪ್ರತಿ ಸಲ ಹೋದಾಗಲೂ ನಾನು ನಿಂತು ನೋಡುತ್ತಿದ್ದೆ, ಇವರು ಮುಂದೆ ನಡೆಯುತ್ತಿದ್ದರು. ಮಿಷನ್ನಿನಲ್ಲಿ ರುಬ್ಬಿದ ಹಿಟ್ಟಿಗೆ ರುಚಿ ಬರುವುದಿಲ್ಲ ಅನ್ನುತ್ತಿದ್ದರು. ಹೋಟೆಲಿನ ದೋಸೆಯನ್ನು ಹೊಗಳಿ ತಿನ್ನುವ ಮನುಷ್ಯ. ಜಿಪುಣತನ ಎಂದು ತೀರ್ಮಾನಿಸಿದೆ.

ಮೂರನೆಯದು ಐರಿನ್.

ಐರಿನ್ ನಮ್ಮ ಕ್ವಾರ್ಟರ್ಸಿನಿಂದ ಎರಡು ಬೀದಿ ಆಚೆ ಇದ್ದ ಆಂಗ್ಲೋ ಇಂಡಿಯನ್ ಹೆಂಗಸು. ಅವಳಪ್ಪ ಎಂಜಿನ್ ಡ್ರೈವರಾಗಿದ್ದವರು, ತೀರಿಕೊಂಡಿದ್ದರು. ಅವಳು ಮದುವೆಯಾಗಿರಲಿಲ್ಲ, ಮನೆಯಲ್ಲಿ ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದಳು. ಸಂಗೀತವನ್ನು ಇಂಗ್ಲಿಷಿನವರ ಗೆರೆಗಳಲ್ಲಿ ಬರೆಯಲು ಅವಳಿಗೆ ಬರುತ್ತಿತ್ತು, ಇವರಿಗೆ ಬರುತ್ತಿರಲಿಲ್ಲ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಇವರು ನೇರ ಅಲ್ಲಿಗೆ ಹೋಗಿ ಸಂಜೆಗೆ ಬರುತ್ತಿದ್ದರು. ಏನು ಕೆಲಸ ಎಂದರೆ, ನೋಟ್ಸ್ ಬರೆಸಿಕೊಳ್ಳಬೇಕು ಅನ್ನುತ್ತಿದ್ದರು. ಪಿ.ಯು.ಸಿ. ಹುಡುಗನೂ ಇದಕ್ಕಿಂತ ಒಳ್ಳೆಯ ಸುಳ್ಳು ಹೇಳುತ್ತಾನೆ ಎಂದುಕೊಳ್ಳುತ್ತಿದ್ದೆ. ಅವರ ಅಂಗಿಯನ್ನು ಒಗೆಯುವ ಮೊದಲು ಮೂಸುತ್ತಿದ್ದೆ. ಎಂಜಿನ್ ಆಯಿಲ್ಲಿನ ವಾಸನೆ, ಒಮ್ಮೊಮ್ಮೆ ಕೇಕಿನ ವಾಸನೆ. ಕೇಕಿನ ವಾಸನೆ ಬಂದ ದಿನ ಅಂಗಿಯನ್ನು ಕಲ್ಲಿಗೆ ಎರಡು ಪೆಟ್ಟು ಜಾಸ್ತಿ ಬಡಿಯುತ್ತಿದ್ದೆ.

ಆ ವರ್ಷ ಅವರಿಗೆ ಪೆಡಲ್ ಇರುವ ದೊಡ್ಡ ವಾದ್ಯದ ಆಸೆ ಹತ್ತಿತು. ಪರದೇಶದ ಒಂದು ಪುಸ್ತಕದಲ್ಲಿ ಅದರ ಚಿತ್ರ ನೋಡಿ ತಾವೇ ಮಾಡಲು ಹೊರಟರು. ಬಡಗಿಯ ಕೈಲಿ ತೇಗದ ಹಲಗೆ ಕೊಯ್ಸಿದರು. ಸೈಕಲ್ಲಿನ ಬ್ರೇಕ್ ತಂತಿ, ಕಡ್ಡಿಗಳಿಂದ ಪೆಡಲ್ ಜೋಡಿಸಿದರು. ಫಿಟ್ಟರ್ ಕೈ, ಸುಳ್ಳು ಹೇಳಬಾರದು, ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಹಲಗೆ ಅಗಲವಾಗಿತ್ತು. ಹತ್ತು ತಂತಿಗೆ ಇಷ್ಟು ಅಗಲ ಯಾಕೆ ಎಂದು ನನಗೆ ಆಗಲೇ ಅನ್ನಿಸಿತು.

ಕ್ರಿಸ್‌ಮಸ್ಸಿಗೆ ಎರಡು ದಿನ ಇರುವಾಗ ಐರಿನ್ ನಮ್ಮ ಮನೆಗೆ ಕೇಕ್ ತಂದಳು. ಇವರು ಕೆಲಸಕ್ಕೆ ಹೋಗಿದ್ದರು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕಾಫಿಗೆ ನೀರಿಟ್ಟೆ. ಅವಳಿಗೆ ಬರುವ ತಮಿಳು, ನನಗೆ ಬರುವ ತಮಿಳು, ಎರಡೂ ಸೇರಿದರೂ ಒಂದು ಸಂಭಾಷಣೆಗೆ ಸಾಲುತ್ತಿರಲಿಲ್ಲ. ನಾನು ಒಳಗೆ ಕಾಫಿ ಸೋಸುತ್ತಿದ್ದಾಗ ಅವಳು ಹೊರಗೆ ಕೂತು, ಬೇಜಾರು ಕಳೆಯಲು, ಏನೋ ಗುನುಗಲು ಶುರುಮಾಡಿದಳು.

ಅದು ನನ್ನ ಅಮ್ಮನ ಹಾಡು.

ಮಾತಿಲ್ಲ, ಧಾಟಿ ಮಾತ್ರ. ಎರಡು ಸಾಲು ಸರಿಯಾಗಿ ಬಂತು. ಮೂರನೇ ಸಾಲಿನ ಕೊನೆಯಲ್ಲಿ ತಡವರಿಸಿ, ಮತ್ತೆ ಮೊದಲಿನಿಂದ ಹಿಡಿದಳು. ಕಾಫಿ ಲೋಟ ನನ್ನ ಕೈ ಸುಡುತ್ತಿದ್ದದ್ದು ಗೊತ್ತಾಗಲಿಲ್ಲ. ಆ ಹಾಡು ಮದ್ರಾಸಿನಲ್ಲಿ ನನ್ನ ಅಡುಗೆಮನೆ ಬಿಟ್ಟು ಎಲ್ಲೂ ಇರಲಿಲ್ಲ. ಇವರು ನನಗೇ ಗೊತ್ತಿಲ್ಲದೆ ಅದನ್ನು ಕದ್ದು ಕೇಳಿ, ತೆಗೆದುಕೊಂಡು ಹೋಗಿ ಇವಳಿಗೆ ಕೊಟ್ಟಿದ್ದಾರೆ ಎಂದು ಅರ್ಥವಾಯಿತು. ಒಡವೆ ಕೊಟ್ಟಿದ್ದರೆ ಕೇಳಬಹುದಿತ್ತು, ಎಲ್ಲಿ ನನ್ನ ಓಲೆ ಎಂದು. ಹಾಡನ್ನು ಹೇಗೆ ಕೇಳುವುದು? ನಾನು ಹಾಡುತ್ತೇನೆ ಎಂದು ಒಪ್ಪಿಕೊಳ್ಳದೆ ಅದು ಕಳವಾಗಿದೆ ಎಂದು ಹೇಳುವುದಾದರೂ ಹೇಗೆ? ಕಾಫಿ ಕೊಟ್ಟೆ, ಕೇಕ್ ತೆಗೆದುಕೊಂಡೆ, ಬಾಗಿಲವರೆಗೆ ಹೋಗಿ ಕಳಿಸಿಬಂದೆ. ಕೇಕನ್ನು ಎದುರುಮನೆಯ ಮಕ್ಕಳಿಗೆ ಕೊಟ್ಟುಬಿಟ್ಟೆ.

ಅದಾದ ಒಂದು ವಾರಕ್ಕೆ, ಊಟ ಮುಗಿಸಿ, ಇವರು ನ್ಯೂಸ್ ಪೇಪರಿನ ಅಂಚಿನ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದು ನನ್ನ ಮುಂದೆ ತಳ್ಳಿದರು. ಮದುವೆಯಾದಂದಿನಿಂದ ಯಾವ ವಿಷಯಕ್ಕೂ ನನ್ನನ್ನು ಹಾಗೆ ಕೇಳಿದವರಲ್ಲ.

“ನೋಡೇ. ಒಂದು ಕತ್ತು ಸಾಕಾ, ಎರಡು ಇರ್ಲಾ?”

ಪಕ್ಕಪಕ್ಕದಲ್ಲಿ ಎರಡು ಕತ್ತು, ಕೆಳಗೆ ಒಂದು ಮೈ. ನಮ್ಮ ಮೈಸೂರಿನ ಗಂಡಭೇರುಂಡದ ಹಾಗೆ ಕಂಡಿತು.

“ಎರಡನೇದು ಯಾರಿಗೆ?” ಎಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ನೆಲ ನೋಡಿದರು. “ಯಾರಿಗೂ ಅಂತಲ್ಲ. ಸುಮ್ನೆ. ಮುಂದಿನದು ಆರ್ಕೆಸ್ಟ್ರಾಗೆ ಆಯ್ತಲ್ಲ. ಇದು ಬೇರೆ ಶ್ರುತಿಗೆ.”

“ಯಾರ ಶ್ರುತಿಗೆ?”

ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರು. ಕಿವಿ ಕೆಂಪಾದದ್ದು ಕಂಡಿತು. ತಪ್ಪಿತಸ್ಥರ ಕಿವಿ ಹೀಗೇ ಕೆಂಪಾಗುತ್ತದೆ ಎಂದುಕೊಂಡೆ. ನಾಚಿಕೆಯಾದರೂ ಹೀಗೇ ಆಗುತ್ತದೆ ಎಂಬುದು, ನೋಡಿ, ಆ ಹೊತ್ತಿಗೆ ನನಗೆ, ನನಗೇ, ಹೊಳೆಯಲಿಲ್ಲ.

“ಒಂದು ಮೈಗೆ ಒಂದು ಕತ್ತು ಸಾಕು,” ಎಂದು ತಟ್ಟೆ ತೆಗೆದುಕೊಂಡು ಎದ್ದೆ.

“ಆಯ್ತು,” ಅಂದರು. ಅಷ್ಟೇ.

ವಾದ್ಯಕ್ಕೆ ಒಂದೇ ಕತ್ತು ಬಂತು, ಆಚೆ ಬದಿಯಲ್ಲಿ. ಈಚೆ ಬದಿ, ನುಡಿಸುವವರ ಹೊಟ್ಟೆಯ ಕಡೆಗೆ, ಒಂದು ಗೇಣು ಅಗಲದ ಹಲಗೆ ಖಾಲಿ ಉಳಿಯಿತು. ಕೈ ಊರಿಕೊಳ್ಳಲು ಅದಕ್ಕೊಂದು ಮೆತ್ತೆ ಹೊಲಿದುಕೊಡು ಎಂದು ನನ್ನನ್ನೇ ಕೇಳಿದರು. ಮಾಸಿದ ಹಸಿರು ಮಖಮಲ್ಲಿನ ರವಿಕೆಯೊಂದಿತ್ತು, ಅದನ್ನು ಕತ್ತರಿಸಿ ಹೊಲಿದೆ. ಬೂರುಗದ ಹತ್ತಿಯನ್ನು ಸಿಟ್ಟಿನಿಂದ ತುಂಬಿದೆ, ಎಷ್ಟು ಗಟ್ಟಿಯಾಗಿ ಎಂದರೆ ಅದರ ಮೇಲೆ ಚಪಾತಿ ಲಟ್ಟಿಸಬಹುದಿತ್ತು. ಅವರು ಅದನ್ನು ಸಣ್ಣ ಮೊಳೆ ಹೊಡೆದು ಕೂರಿಸಿದರು. ಮೂವತ್ತು ವರ್ಷ ಆ ಮೆತ್ತೆಯ ಮೇಲೆ ಮೊಣಕೈ ಊರಿ ನುಡಿಸಿದರು.

ಐರಿನ್ ಮುಂದಿನ ವರ್ಷ ತನ್ನ ತಮ್ಮನ ಬಳಿಗೆ ಆಸ್ಟ್ರೇಲಿಯಾಕ್ಕೆ ಹೊರಟುಹೋದಳು. ಇವರು ಸ್ಟೇಷನ್ನಿಗೆ ಹೋಗಿ ಅವಳನ್ನು ಬಾಂಬೆ ರೈಲು ಹತ್ತಿಸಿ ಬಂದರು. ಮೂರು ದಿನ ಇವರ ಮುಖವನ್ನು ಕಾದು ನೋಡಿದೆ. ಊಟ ಕಮ್ಮಿಯಾಗಲಿಲ್ಲ, ನಿದ್ದೆ ಕೆಡಲಿಲ್ಲ. ನಟನೆ ಇಷ್ಟು ಚೆನ್ನಾಗಿ ಬರುತ್ತದೆಯೇ ಎಂದು ಅದಕ್ಕೂ ಅನುಮಾನಪಟ್ಟೆ. ಕ್ರಿಸ್‌ಮಸ್ಸಿನ ನಂತರ ನಾನು ರುಬ್ಬುವಾಗ ಹಾಡುವುದನ್ನು ಬಿಟ್ಟಿದ್ದೆ. ಕಿಟಕಿಯ ಆಚೆ ಸೈಕಲ್ಲು ಇನ್ನೂ ಕೆಲವು ಭಾನುವಾರ ತಲೆಕೆಳಗಾಯಿತು. ಆಮೇಲೆ ಒಂದು ದಿನ, ನಾನು ಕೇಳದೆಯೇ, ಪುರಸೈವಾಕ್ಕಂನಿಂದ ಗ್ರೈಂಡರು ತಂದು ಅಡುಗೆಮನೆಯಲ್ಲಿ ಇಳಿಸಿದರು. ಪಾಪಪ್ರಜ್ಞೆ ಎಂದುಕೊಂಡೆ.

ಸಂಸಾರ ಚೆನ್ನಾಗಿಯೇ ನಡೆಯಿತು, ತಪ್ಪು ತಿಳಿಯಬೇಡಿ. ನಿಮ್ಮ ತಾಯಂದಿರು ಹುಟ್ಟಿದರು, ಓದಿದರು. ನನಗೆ ಜ್ವರ ಬಂದರೆ ಗಂಜಿ ಕಾಯಿಸಿಕೊಟ್ಟರು. ಆದರೆ ಅವರು ಆ ವಾದ್ಯದ ಮುಂದೆ ಕೂತಾಗಲೆಲ್ಲ ನಾನು ಹಿತ್ತಲಿಗೆ ಹೋಗುತ್ತಿದ್ದೆ. ಒಮ್ಮೆಯೂ ಕೂತು ಕೇಳಲಿಲ್ಲ. ಅವರು ಕರೆಯಲೂ ಇಲ್ಲ.

ಇಷ್ಟೆಲ್ಲ ಮೊನ್ನೆ ಒಲೆಯ ಮುಂದೆ ನಿಂತಿದ್ದಾಗ ನೆನಪಾಯಿತು. ನಂದಿನಿಗೆ ಹೇಳಲಿಲ್ಲ. ನಿನ್ನಿಷ್ಟ ಎಂದೆ. ಅವಳು ಸುಮ್ಮನಿರುವವಳಲ್ಲ. ತಾತನ ವಾದ್ಯ ಎಲ್ಲಿ, ಅದನ್ನು ಅಳತೆ ಮಾಡಿ ನೋಡುತ್ತೇನೆ ಎಂದಳು. ಅದು ಅಟ್ಟದ ಮೇಲೆ, ಹಳೆಯ ಸೀರೆ ಸುತ್ತಿಕೊಂಡು ಕೂತಿತ್ತು. ಕಾರ್ತಿಕ್ ಬಯ್ದುಕೊಂಡು ಇಳಿಸಿದ. ನಡುಮನೆಯಲ್ಲಿ ನಿಲ್ಲಿಸಿ ಧೂಳು ಒರೆಸಿದ ಮೇಲೆ ನಂದಿನಿ ಸುತ್ತಲೂ ಒಂದು ಸುತ್ತು ಬಂದು, ಇದರ ಮೈ ಎರಡು ಕತ್ತಿನದು, ಒಂದೇ ಕತ್ತು ಕೂರಿಸಿದ್ದಾರೆ, ಕೊಚ್ಚಿಯವನ ವಾದ್ಯದ್ದೂ ಇಷ್ಟೇ ಅಗಲ ಎಂದಳು. ಮೆತ್ತೆಯ ಕೆಳಗೆ ಮರ ಹೇಗಿದೆ ನೋಡಬೇಕು ಎಂದು ಸ್ಕ್ರೂ ಡ್ರೈವರ್ ತಂದು ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿದಳು. ಬೇಡ, ಬಟ್ಟೆ ಹರಿಯುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಮೆತ್ತೆ ಕೈಗೆ ಬಂದಿತ್ತು.

ಹಲಗೆಯಲ್ಲಿ ತೂತುಗಳಿದ್ದವು. ಎರಡನೆಯ ಕತ್ತನ್ನು ಬಿಗಿಯಲು ಕೊರೆದ ತೂತುಗಳು, ಮೇಣ ತುಂಬಿ ಮುಚ್ಚಿದ್ದು. ನನ್ನನ್ನು ಕೇಳುವ ಮೊದಲೇ ಕೊರೆದಾಗಿತ್ತು. ತೂತುಗಳ ನಡುವೆ, ಹಳದಿಯಾದ ಒಂದು ಹಾಳೆ ಚಪ್ಪಟೆಯಾಗಿ ಅಂಟಿಕೊಂಡಿತ್ತು.

ನಂದಿನಿ ನಿಧಾನವಾಗಿ ಬಿಡಿಸಿದಳು. ಪೆನ್ಸಿಲಿನ ಬರಹ, ಇಂಗ್ಲಿಷಿನ ಉರುಟು ಅಕ್ಷರ. ಐರಿನ್ ಕೈಬರಹ, ಅವಳು ಕೇಕಿನ ಡಬ್ಬಿಗೆ ಅಂಟಿಸಿದ್ದ ಚೀಟಿಯಲ್ಲಿ ನೋಡಿದ್ದೆ, ಮರೆತಿರಲಿಲ್ಲ. ಎರಡು ಸಾಲಾಗಿ ಹತ್ತು ಹತ್ತು ತಂತಿಯ ಸ್ವರಗಳು. ಒಂದರ ಮೇಲೆ ಆರ್ಕೆಸ್ಟ್ರಾ ಎಂದು ಬರೆದಿತ್ತು. ಇನ್ನೊಂದರ ಮೇಲೆ ಬರೆದದ್ದನ್ನು ನಂದಿನಿ ಒಮ್ಮೆ ಮನಸ್ಸಿನಲ್ಲಿ ಓದಿ, ನನ್ನನ್ನು ನೋಡಿ, ಕನ್ನಡದಲ್ಲಿ ಹೇಳಿದಳು.

“‘ನಿಮ್ಮ ಹೆಂಡತಿಗೆ. ಅವರ ದನಿ ಕೆಳಗಿನದು, ಇಷ್ಟೇ ಇರಲಿ, ಮೇಲೆ ಎಳೀಬೇಡಿ.’ ಅಜ್ಜಿ, ಹೆಂಡತಿ ಅಂದ್ರೆ ನೀವೇ ತಾನೇ?”

ಕೆಳಗೆ ಐದೈದು ಗೆರೆಗಳ ಮೇಲೆ ಹುಣಸೆ ಬೀಜದಂಥ ಚುಕ್ಕೆಗಳು. ಅದರ ಕೆಳಗೆ, ಮೂಲೆಯಲ್ಲಿ, ನಿಮ್ಮ ತಾತನ ಕೈಯ ಕನ್ನಡ ಅಕ್ಷರ. ಅದನ್ನು ಓದಲು ನನಗೆ ಯಾರೂ ಬೇಕಿರಲಿಲ್ಲ. “ಮೂರನೇ ಸಾಲಿನ ಕೊನೆ ಸಿಕ್ಕಿಲ್ಲ. ಭಾನುವಾರ ಮತ್ತೆ ಕೇಳಬೇಕು. ಬಾಗಿಲ ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಾಳೆ.”

ಸ್ವಭಾವ ಎಲ್ಲಿಗೆ ಹೋಗುತ್ತದೆ? ಮೊದಲು ನನಗೆ ನಂದಿನಿಯ ಮೇಲೇ ಅನುಮಾನ ಬಂತು, ಅಜ್ಜಿಯನ್ನು ಸಂತೋಷಪಡಿಸಲು ಬರೆದಿಟ್ಟಿದ್ದಾಳೆಯೇ ಎಂದು. ಆದರೆ ಅವಳಿಗೆ ಕನ್ನಡದಲ್ಲಿ ತನ್ನ ಹೆಸರು ಬಿಟ್ಟು ಹೆಚ್ಚು ಬರೆಯಲು ಬರುವುದಿಲ್ಲ. ಮೂರನೇ ಸಾಲಿನ ವಿಷಯ ಅವಳಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಸೋಫಾದ ಮೇಲೆ ಕೂತೆ. ಆ ಹಸಿರು ಮೆತ್ತೆ ಮಡಿಲಿನಲ್ಲಿತ್ತು. ಇನ್ನೂ ಅಷ್ಟೇ ಗಟ್ಟಿ.

ಅಂದರೆ ಸೈಕಲ್ಲು ಅದಕ್ಕೆ. ಬೆಂಕಿಪೊಟ್ಟಣ ಅದಕ್ಕೆ. ಗ್ರೈಂಡರು ತರದೇ ಇದ್ದದ್ದೂ ಅದಕ್ಕೆ. ಹಾಡು ನಿಂತ ಮೇಲೆ ತಾನೇ ಅದು ಮನೆಗೆ ಬಂದದ್ದು? ನನ್ನನ್ನು ಹಾಡು ಎಂದು ಕೇಳಲು ಅವರಿಗೆ ನಾಚಿಕೆ, ಕೇಳಿದ್ದರೆ ನನಗೆ ಅಳು ಬರುತ್ತಿತ್ತು. ಅದಕ್ಕೇ ಓಣಿಯಲ್ಲಿ ಕೂತು ಕದ್ದು ಕೇಳಿ, ಶನಿವಾರ ಹೋಗಿ ಆ ಪಾಪದ ಹೆಂಗಸಿನ ಮುಂದೆ ಶಿಳ್ಳೆ ಹಾಕಿ ತೋರಿಸಿ ಬರೆಸಿದ್ದಾರೆ. ಹಾಡು ಪೂರ್ತಿ ಸಿಕ್ಕಿ, ಎರಡನೆಯ ಕತ್ತು ಕೂತ ಮೇಲೆ ಒಂದು ದಿನ ಕರೆದು ಕೂರಿಸಿ ಕೇಳಿಸೋಣ ಎಂದಿದ್ದರೋ ಏನೋ. ಯಾರ ಶ್ರುತಿಗೆ ಎಂದು ನಾನು ಕೇಳಿದಾಗ ನಿನ್ನದು ಎಂಬ ಮೂರು ಅಕ್ಷರ ಬಾಯಿಗೆ ಬರಲಿಲ್ಲ. ನಾನಾದರೂ ಇನ್ನೊಂದು ಸಲ ಕೇಳಬಹುದಿತ್ತು. ಅವರು ತಪ್ಪು ಮಾಡಲಿಲ್ಲ ಎಂಬ ಸಮಾಧಾನಕ್ಕಿಂತ, ನನ್ನ ಜಾಗವನ್ನು ನಾನೇ ಹೊಲಿದು ಮುಚ್ಚಿದೆನಲ್ಲ ಎಂಬ ಸಂಕಟವೇ ಹೆಚ್ಚಾಯಿತು. ಐರಿನ್ ಬದುಕಿದ್ದಾಳೋ ಇಲ್ಲವೋ. ಆ ಕೇಕಿನ ರುಚಿ ಕೂಡ ನಾನು ನೋಡಲಿಲ್ಲ.

ಕಾರ್ತಿಕ್ ನೀರು ತಂದುಕೊಟ್ಟ. ನಂದಿನಿ ಹಾಳೆಯನ್ನು ಜೋಪಾನವಾಗಿ ಎತ್ತಿಟ್ಟಳು. ಎರಡು ದಿನದ ಮೇಲೆ ಹೊಸ ತಂತಿ ಹಾಕಿಸಿ, ಇರುವ ಒಂದು ಕತ್ತಿನ ಮೇಲೆಯೇ, ಆ ಹಾಳೆಯ ಚುಕ್ಕೆಗಳನ್ನು ನೋಡಿಕೊಂಡು ನುಡಿಸಲು ಕೂತಳು. ಉಕ್ಕಿನ ತುಂಡನ್ನು ತಂತಿಯ ಮೇಲಿಟ್ಟಳು, ನಡುಮನೆಯಲ್ಲೆಲ್ಲ ಶುಂಠಿಯ ವಾಸನೆ. ನಾನು ಹಿತ್ತಲಿಗೆ ಹೋಗಲಿಲ್ಲ, ಈ ಫ್ಲ್ಯಾಟಿಗೆ ಹಿತ್ತಲೂ ಇಲ್ಲ. ಮೊದಲ ಸಾಲು ಬಂತು. ಶ್ರುತಿ ಮೇಲಾಯಿತು, ತಂತಿ ಕಿರುಚಿದ ಹಾಗೆ, ಆದರೂ ಅದೇ. ಎರಡನೆಯದು ಬಂತು. ಮೂರನೆಯದರ ಕೊನೆಯಲ್ಲಿ ನಲವತ್ತು ವರ್ಷದ ಹಿಂದೆ ಐರಿನ್ ತಡವರಿಸಿದ ಜಾಗದಲ್ಲೇ ನಂದಿನಿಯೂ ತಡವರಿಸಿದಳು. ಬಿಂದಿಗೆ ಅರ್ಧಕ್ಕೇ ನಿಂತುಹೋಯಿತು.

“ಎರಡು,” ಎಂದೆ.

“ಎನ್ನ ಅಜ್ಜಿ?” ಏನು ಎಂದು ತಮಿಳಿನಲ್ಲೇ ಕೇಳಿದಳು.

“ಎರಡು ಕತ್ತು. ಕೊಚ್ಚಿಯವನದು ಬೇಡ. ಹನ್ನೆರಡು ತಂತಿಯದೂ ಬೇಡ. ಇದಕ್ಕೇ ಮಾಡಿಸು. ತೂತು ಹೊಡೆದಿಟ್ಟಿದ್ದಾರೆ, ತಂತಿಯ ಲೆಕ್ಕ ಬರೆದಿಟ್ಟಿದ್ದಾರೆ. ಹೆಂಡತಿಗೆ ಅಂತ ಬರೆದಿದೆಯಲ್ಲ, ಹಾಗೇ ಇರಲಿ. ಮೇಲೆ ಎಳೀಬೇಡ.”

ಮಾಡಿಸಲು ಕೊಟ್ಟಿದ್ದಾಳೆ. ಹೊಸ ಬಡಗಿ ಎರಡು ವಾರ ಅಂದಿದ್ದಾನೆ. ಮೂರಾಗುತ್ತದೆ, ನೋಡುತ್ತಿರಿ.

ಇವತ್ತು ಭಾನುವಾರ. ನಾಲ್ಕು ಗಂಟೆಗೆ ಗ್ರೈಂಡರಿನ ಮುಂದೆ ನಿಂತಿದ್ದೆ. ಸ್ವಿಚ್ಚು ಹಾಕಿ, ಅಕ್ಕಿ ಉದ್ದು ಸುರಿದು, ಕೈ ಒರೆಸಿಕೊಂಡೆ. ಆಮೇಲೆ ಹಾಡಿದೆ. ದನಿ ಒಡೆದಿದೆ, ಉಸಿರು ಸಾಲುವುದಿಲ್ಲ, ಆದರೂ ಧಾಟಿ ಇದ್ದಲ್ಲೇ ಇತ್ತು. ಎರಡನೇ ಸಾಲಿಗೆ ಬಂದಾಗ ನಡುಮನೆಯಲ್ಲಿ ಟಿವಿಯ ಸದ್ದು ನಿಂತಿತು. ಬಾಗಿಲ ಆಚೆ ಹೆಜ್ಜೆ ಬಂದು ನಿಂತದ್ದು ನನಗೆ ಗೊತ್ತಾಯಿತು. ನನ್ನ ಕಿವಿ ಈ ವಿಷಯದಲ್ಲಿ ಯಾವತ್ತೂ ಚುರುಕು. ಗ್ರೈಂಡರಿನ ಸ್ವಿಚ್ಚು ಆರಿಸಿ, ಮೂರನೇ ಸಾಲಿನ ಕೊನೆಯನ್ನು ಎರಡು ಸಲ, ನಿಧಾನವಾಗಿ ಹಾಡಿದೆ.